ನಿದ್ದೆ ಮಾತ್ರೆಯೂ ಚಟವಾದೀತು

ಶೇಷಾದ್ರಿಪುರಂನ ಸಹೋದರಿಯೊಬ್ಬರು ಬರೆದಿದ್ದಾರೆ: ಮಗಳ ಮದುವೆಯ ನಂತರ ಮನೆ ಬಿಕೋ ಎನ್ನುತ್ತದೆ, ನಿದ್ದೆಯಿಲ್ಲ. ಹಳೆಯ ಚೀಟಿ ತೋರಿಸಿ ಆಲ್ಪ್ರಜೋಲಾಮ್ ತರಿಸುತ್ತಾರೆ. ಒಂದು ಸಾಲದೆ ಈಗ ಎರಡು ಬೇಕು. "ಇದು ಔಷಧಿ ತಾನೇ, ಅಮಲು ಪದಾರ್ಥವಲ್ಲವಲ್ಲ?"

ಸಹೋದರಿ, ಮನೆಯಲ್ಲಿ ಯಾರಾದರೂ ಕುಡಿದು ಬಂದರೆ ಎಲ್ಲರಿಗೂ ತಿಳಿಯುತ್ತದೆ. ಮಾತ್ರೆ ದಿಂಬಿನಡಿ ಸದ್ದಿಲ್ಲದೆ ಇರುತ್ತದೆ. ಇದನ್ನು ಸಾಮಾನ್ಯವಾಗಿ ಎರಡು-ನಾಲ್ಕು ವಾರಕ್ಕಷ್ಟೇ ಕೊಡುವುದು. ಆಮೇಲೂ ನುಂಗುತ್ತಿದ್ದರೆ ದೇಹ ಒಗ್ಗಿಹೋಗಿ ಅಷ್ಟೇ ನಿದ್ದೆಗೆ ಇನ್ನಷ್ಟು ಕೇಳುತ್ತದೆ. ಅದಕ್ಕೇ 2014ರಿಂದ ಇದು ಎಚ್-1 ಪಟ್ಟಿಯಲ್ಲಿದೆ. ಮೆಡಿಕಲ್ ಶಾಪಿನವರು ರೋಗಿಯ, ವೈದ್ಯರ ಹೆಸರು ಬರೆದು ಆ ಪುಸ್ತಕವನ್ನು 3 ವರ್ಷ ಇಟ್ಟಿರಬೇಕು. ಹಳೆಯ ಚೀಟಿಗೆ ಕೊಡುವವರು ನಿಮಗೆ ಉಪಕಾರ ಮಾಡುತ್ತಿಲ್ಲ.

ನಸುಕಿಗೆ ಮುಂಚೆಯೇ ಎಚ್ಚರ, ಅಡುಗೆ ಬೇಡ, ನಮಾಝ್‌ನಲ್ಲಿ ಮನಸ್ಸು ನಿಲ್ಲದು ಎಂದೂ ಬರೆದಿದ್ದೀರಿ. ಇದು ಈಮಾನ್ ಕುಂದಿದ ಗುರುತಲ್ಲ, ಖಿನ್ನತೆ ಇರಬಹುದು. ನಿದ್ದೆ ಮಾತ್ರೆ ಒಂದು ರಾತ್ರಿ ದಾಟಿಸೀತು, ಖಿನ್ನತೆಯನ್ನು ಗುಣಪಡಿಸದು, ಹೆಚ್ಚಿಸಲೂಬಹುದು. ಖಿನ್ನತೆಗೆ ಕೊಡುವ ಔಷಧಿಯೇ ಬೇರೆ. ದುಆ ಮಾಡಿ, ಚಿಕಿತ್ಸೆಯನ್ನೂ ಪಡೆಯಿರಿ. ಪ್ರವಾದಿ(ಸ)ಯವರು ಚಿಕಿತ್ಸೆ ಪಡೆಯಲು ಹೇಳಿದ್ದಾರಲ್ಲವೇ?

ಆದರೆ ಇದನ್ನೋದಿ ಇಂದೇ ಮಾತ್ರೆ ಎಸೆದುಬಿಡಬೇಡಿ! ಒಮ್ಮೆಲೇ ನಿಲ್ಲಿಸಿದರೆ ನಡುಕ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವೈದ್ಯರ ಕಣ್ಣೆದುರು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಖಿನ್ನತೆಗೂ ವ್ಯಸನಕ್ಕೂ ಚಿಕಿತ್ಸೆಯಿದೆ. ಎರಡನ್ನೂ ಮುಚ್ಚಿಡದೆ ಹೇಳಿ. ಹೋಗಲು ಸಂಕೋಚವೆನಿಸಿದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.