ಕುಂಬಳಕಾಯಿ ಎಷ್ಟು ದೊಡ್ಡದಿರಬೇಕು?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು, ಬಂಧುಗಳಲ್ಲಿ ಒಬ್ಬರು, ಒಂದೇ ಚಿತ್ರವನ್ನು ನನಗೆ ಬೇರೆ ಬೇರೆಯಾಗಿ ಕಳುಹಿಸಿದ್ದಾರೆ. 2025ರ ಅಕ್ಟೋಬರ್ ತಿಂಗಳಲ್ಲಿ ಇಂಗ್ಲೆಂಡಿನ ಅವಳಿ ಸಹೋದರರಾದ ಇಯಾನ್ ಮತ್ತು ಸ್ಟುವರ್ಟ್ ಪ್ಯಾಟನ್ ಬೆಳೆದ ಕುಂಬಳಕಾಯಿಯ ಚಿತ್ರವದು. ಅದರ ತೂಕ 1278.8 ಕಿಲೋ; ವಿಶ್ವದಾಖಲೆ. ಚಿತ್ರದ ಕೆಳಗೆ ಒಬ್ಬನು, "ಸರ್, ನಿಮ್ಮ ಹಿತ್ತಲದಾಗ ಇಂಥಾದ್ದು ಯಾವಾಗ ಆಗ್ತದ್ರಿ?" ಎಂದು ಬರೆದಿದ್ದಾನೆ. ತರಗತಿಯಲ್ಲಿಯೂ ಆತ ಹೀಗೆಯೇ ಇದ್ದ. ಅವನ ಪ್ರಶ್ನೆ ತಮಾಷೆಯದಾದರೂ ಉತ್ತರ ಮಾತ್ರ ಸ್ವಲ್ಪ ಉದ್ದದ್ದು.

ನಮ್ಮ ಹಿತ್ತಲಿನಲ್ಲಿ ಈವರೆಗೆ ಬೆಳೆದ ಅತಿ ದೊಡ್ಡ ಕಾಯಿ 2024ರ ಮುಂಗಾರಿನದು. ಓಣಿಯ ತುದಿಯ ರದ್ದಿ ಅಂಗಡಿಯ ತಕ್ಕಡಿಯಲ್ಲಿ ಅದು 26 ಕಿಲೋ ತೂಗಿತು. ಅಂಥ ನಲವತ್ತೊಂಬತ್ತು ಕಾಯಿಗಳನ್ನು ಒಟ್ಟಿದರೆ ಇಂಗ್ಲೆಂಡಿನ ಆ ಒಂದು ಕಾಯಿಗೆ ಸಮನಾದೀತು. ಇದರಿಂದ ನನಗೆ ಎಳ್ಳಷ್ಟೂ ಬೇಸರವಿಲ್ಲ. ಕುಂಬಳಕಾಯಿ ದೊಡ್ಡದಾಗಬೇಕೆಂಬುದರಲ್ಲಿ ನನಗೂ ಆ ಸಹೋದರರಿಗೂ ಭಿನ್ನಾಭಿಪ್ರಾಯವಿಲ್ಲ. ಯಾತಕ್ಕಾಗಿ ದೊಡ್ಡದಾಗಬೇಕು, ಎಷ್ಟಕ್ಕೆ ನಿಲ್ಲಬೇಕು ಎಂಬಲ್ಲಿ ಮಾತ್ರ ನಮ್ಮ ದಾರಿಗಳು ಬೇರೆಯಾಗುತ್ತವೆ.

ಆ ದೈತ್ಯಕಾಯಿಗಳ ಹಿಂದೆ ಒಂದು ಇತಿಹಾಸವಿದೆ. ಕೆನಡಾದ ವಿಲಿಯಂ ವಾರ್ನಾಕ್ ಎಂಬಾತ 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಶ್ವಪ್ರದರ್ಶನಕ್ಕೆ 403 ಪೌಂಡು, ಎಂದರೆ ಸುಮಾರು 183 ಕಿಲೋ ತೂಕದ ಕಾಯಿಯನ್ನು ಒಯ್ದಿದ್ದನು. ಆ ದಾಖಲೆಯನ್ನು ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ, 1976ರ ವರೆಗೆ, ಯಾರೂ ಮುರಿಯಲಿಲ್ಲ. ಅನಂತರ ಕೆನಡಾದವನೇ ಆದ ಹೋವರ್ಡ್ ಡಿಲ್ ಎಂಬ ರೈತನು ವರ್ಷದಿಂದ ವರ್ಷಕ್ಕೆ ದೊಡ್ಡ ಕಾಯಿಯ ಬೀಜವನ್ನೇ ಆರಿಸಿ, ಬೇಕಾದ ಹೂಗಳನ್ನಷ್ಟೇ ಕೂಡಿಸಿ, 'ಅಟ್ಲಾಂಟಿಕ್ ಜೈಂಟ್' ಎಂಬ ತಳಿಯನ್ನು ರೂಪಿಸಿದನು. ಇಂದಿನ ದಾಖಲೆಯ ಕಾಯಿಗಳೆಲ್ಲ ಆ ತಳಿಯ ಸಂತಾನ. ಹೊಲದಲ್ಲಿ ನಿಂತು ತಾಳ್ಮೆಯಿಂದ ಮಾಡಿದ ಆ ಆಯ್ಕೆಯ ಕೆಲಸದ ಬಗೆಗೆ ನನಗೆ ಗೌರವವಿದೆ.

ಆದರೆ ಲೆಕ್ಕವನ್ನು ನೋಡಿರಿ. ಅಂಥ ಒಂದು ಬಳ್ಳಿಗೆ ಸುಮಾರು ಸಾವಿರ ಚದರಡಿ ನೆಲ ಬೇಕು. ನಮ್ಮಲ್ಲಿ ಜೀವಮಾನವಿಡೀ ಸಾಲ ತೀರಿಸಿ ಕೊಳ್ಳುವ ಮೂವತ್ತು-ನಲವತ್ತರ ಸೈಟು ಒಂದು ಸಾವಿರದ ಇನ್ನೂರು ಚದರಡಿ! ಅಷ್ಟು ನೆಲದ ಮೇಲೆ ಹಬ್ಬಿದ ಬಳ್ಳಿಯ ಎಲ್ಲ ಎಲೆಗಳೂ ದುಡಿಯುವುದು ಒಂದೇ ಒಂದು ಕಾಯಿಗಾಗಿ. ಉಳಿದ ಹೀಚುಗಳನ್ನೆಲ್ಲ ಚಿವುಟಿ ಎಸೆಯುತ್ತಾರೆ. ಬಳ್ಳಿಯ ಗಿಣ್ಣುಗಳ ಮೇಲೆ ಮಣ್ಣು ಮುಚ್ಚಿ ಅಲ್ಲಲ್ಲಿ ಹೊಸ ಬೇರು ಬಿಡಿಸುತ್ತಾರೆ. ಬೆಳವಣಿಗೆ ಉಚ್ಛ್ರಾಯದಲ್ಲಿದ್ದಾಗ ಕಾಯಿ ದಿನವೊಂದಕ್ಕೆ ಇಪ್ಪತ್ತು ಕಿಲೋ ಏರುವುದುಂಟು. ದಕ್ಷಿಣ ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ಹಗಲು ಹದಿನಾರು ತಾಸಿಗೂ ಹೆಚ್ಚು. ಧಾರವಾಡದ ಅತಿ ದೀರ್ಘ ಹಗಲು ಹದಿಮೂರು ತಾಸು, ಅದೂ ಮುಂಗಾರಿನ ಮೋಡದ ಮರೆಯಲ್ಲಿ. ಇಷ್ಟೆಲ್ಲ ಆಗಿ ಬೆಳೆದ ಆ ಕಾಯಿ ತನ್ನ ಭಾರಕ್ಕೆ ತಾನೇ ಚಪ್ಪಟೆಯಾಗಿ ಕುಳಿತಿರುತ್ತದೆ. ತಿರುಳು ನೀರುನೀರು, ರುಚಿ ಹೇಳಿಕೊಳ್ಳುವಂಥದಲ್ಲ. ಡಿಲ್ ಅವರ ಊರಾದ ವಿಂಡ್ಸರ್‌ನಲ್ಲಿ 1999ರಿಂದ ಇಂಥ ಕಾಯಿಗಳ ಹೊಟ್ಟೆ ಕೊರೆದು, ಒಳಗೆ ಕುಳಿತು, ಹುಟ್ಟು ಹಾಕುತ್ತ ದೋಣಿ ಸ್ಪರ್ಧೆ ನಡೆಸಲಾರಂಭಿಸಿದರು. ನೋಡಲು ಮೋಜಿನ ಸಂಗತಿಯೇ ಸರಿ. ಆದರೆ ತರಕಾರಿಯೊಂದು ಕೊನೆಗೆ ದೋಣಿಯಾಗುವುದಾದರೆ, ಅಡುಗೆಮನೆಯವರು ಅದನ್ನು ತರಕಾರಿ ಎಂದು ಒಪ್ಪುವುದು ಕಷ್ಟ.

ಇಲ್ಲಿ ಮೇಷ್ಟರ ಚಟದಿಂದ ಒಂದು ಸ್ಪಷ್ಟೀಕರಣ. ಆ ದೈತ್ಯಕಾಯಿಯೂ ನಮ್ಮ ಹಿತ್ತಲ ಕಾಯಿಯೂ ಒಂದೇ ಜಾತಿಯವಲ್ಲ. ಅದು ಕುಕುರ್ಬಿಟಾ ಮ್ಯಾಕ್ಸಿಮಾ. ನನ್ನದು, ನಮ್ಮ ಕಡೆಯ ಹಲವು ನಾಟಿ ಕುಂಬಳಗಳಂತೆ, ಕುಕುರ್ಬಿಟಾ ಮೋಸ್ಕಾಟಾ. ತೊಟ್ಟನ್ನು ನೋಡಿದರೆ ಗೊತ್ತಾಗುತ್ತದೆ. ನಮ್ಮದರ ತೊಟ್ಟು ಗಟ್ಟಿಯಾಗಿ, ಏಣುಗಳಿದ್ದು, ಕಾಯಿಗೆ ಅಂಟುವಲ್ಲಿ ಹಕ್ಕಿಯ ಪಾದದಂತೆ ಅಗಲವಾಗಿರುತ್ತದೆ. ಅದರದು ದುಂಡಗೆ, ಬೆಂಡಿನಂತೆ ಮೆತ್ತಗೆ. ಎರಡೂ ಅಮೆರಿಕ ಖಂಡಗಳ ಮೂಲದವು. ಹದಿನಾರನೆಯ ಶತಮಾನಕ್ಕಿಂತ ಮೊದಲು ನಮ್ಮ ನಾಡಿನಲ್ಲಿ ಇರಲಿಲ್ಲ. ನಮ್ಮ ಹಿರಿಯರ ಹಳೆಯ ಕುಂಬಳ ಬೂದುಗುಂಬಳ. 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬ ಗಾದೆಯ ಅರ್ಥ ಬಿಡಿಸಲು ಎಷ್ಟೋ ಮಕ್ಕಳು ತಡವರಿಸಿದ್ದನ್ನು ಕಂಡಿದ್ದೇನೆ. ಹೆಗಲನ್ನೇ ಏಕೆ ಮುಟ್ಟಬೇಕು? ಕದ್ದು ಹೊತ್ತ ಬೂದುಗುಂಬಳದ ಬಿಳಿಯ ಬೂದಿ ಹೆಗಲಿಗೆ ಹತ್ತಿರುತ್ತದೆ, ಅದಕ್ಕೆ! ಸಿಹಿಗುಂಬಳ ಕದ್ದವನಿಗೆ ಆ ಭಯವಿಲ್ಲ.

ಇನ್ನು ಹಿತ್ತಲಿನ ಮಾತು. ಅವಳಿ ನಗರದ ಮಣ್ಣು ಎರಡು ಬಗೆಯದು. ಹುಬ್ಬಳ್ಳಿಯ ಕಡೆಗೆ ಎರೆ, ಧಾರವಾಡದ ಪಡುವಣಕ್ಕೆ ಮಸಾರಿ. ಎರೆಯಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಆದ್ದರಿಂದ ಅಲ್ಲಿರುವವರು ಕುಣಿಯ ಬದಲು ದಿಬ್ಬ ಮಾಡಿ ಬೀಜ ಊರಬೇಕು. ನಮ್ಮದು ಮಸಾರಿ. ಎರಡಡಿ ಕುಣಿ ತೋಡಿ, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ತುಂಬಿ, ಮೃಗಶಿರಾ ಮಳೆಯ ಆರಂಭಕ್ಕೆ, ಎಂದರೆ ಜೂನ್ ಎರಡನೆಯ ವಾರ, ಬೀಜ ಹಾಕುತ್ತೇನೆ. ನಮ್ಮ ಅಜ್ಜಿಗೆ ಇಷ್ಟು ಶ್ರಮವೂ ಇರಲಿಲ್ಲ. ಅವಳು ತಿಪ್ಪೆಯ ಅಂಚಿಗೆ ನಾಲ್ಕು ಬೀಜ ಚುಚ್ಚಿ, ಬಳ್ಳಿಯನ್ನು ದನದ ಕೊಟ್ಟಿಗೆಯ ಹಂಚಿನ ಮೇಲೆ ಏರಿಸಿಬಿಡುತ್ತಿದ್ದಳು.

2023ರ ಮುಂಗಾರು ನಮಗೆ ಕೈಕೊಟ್ಟಿತ್ತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ವರ್ಷವದು. ಪಾತ್ರೆ ತೊಳೆದ ನೀರನ್ನೇ ಬಳ್ಳಿಗೆ ಹೊತ್ತೆವು. ಮರುವರ್ಷ ಅದರ ತಿರುಗುಮುರುಗು. ಜುಲೈ ತಿಂಗಳ ಉತ್ತರಾರ್ಧದಲ್ಲಿ, ಪುಷ್ಯ ಮಳೆಯ ಹೊತ್ತಿಗೆ, ಬಳ್ಳಿ ಹೂಬಿಟ್ಟಾಗ ಆಕಾಶ ಬಿಡುವು ಕೊಡಲಿಲ್ಲ. ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವುದು ಗಂಡು ಹೂಗಳೇ. ಒಂದು ವಾರ, ಹತ್ತು ದಿನ ಕಳೆದ ಮೇಲೆ, ತನ್ನ ಕೆಳಗೆ ಗೋಲಿಯಷ್ಟು ಹೀಚನ್ನು ಹೊತ್ತ ಹೆಣ್ಣು ಹೂ ಕಾಣಿಸಿಕೊಳ್ಳುತ್ತದೆ. ಅದು ಅರಳುವುದು ನಸುಕಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಮುದುಡಿ ಹೋಗುತ್ತದೆ. ಜೇನ್ನೊಣ ಬಂದರೆ ಆ ಕೆಲವೇ ತಾಸುಗಳಲ್ಲಿ ಬರಬೇಕು. ಸುರಿಯುವ ಮಳೆಯಲ್ಲಿ ಜೇನ್ನೊಣ ಬರುವುದಿಲ್ಲ, ಪರಾಗವೂ ತೊಳೆದು ಹೋಗುತ್ತದೆ. ಹೀಗಾಗಿ ಹಿಂದಿನ ಸಂಜೆಯೇ ಮರುದಿನ ಅರಳಲಿರುವ ಮೊಗ್ಗುಗಳನ್ನು ಗುರುತಿಸಿ, ನೂಲಿನಿಂದ ಬಾಯಿ ಕಟ್ಟಿ, ಬೆಳಗಿನ ಆರಕ್ಕೆ ಛತ್ರಿ ಹಿಡಿದು ಹೋಗಿ, ಗಂಡು ಹೂವಿನ ಎಸಳು ಬಿಡಿಸಿ ಹೆಣ್ಣು ಹೂವಿನ ಒಡಲಿಗೆ ಸವರಿ ಮತ್ತೆ ಕಟ್ಟಿ ಬರುತ್ತಿದ್ದೆನು. ನಮ್ಮ ಮನೆಯವರು ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡಿ, "ಇಷ್ಟು ಮದುವಿ ಮನ್ಯಾಗ ಮಾಡಿದ್ರ ಪುಣ್ಯಾನರ ಬರತಿತ್ತು" ಎಂದರು.

ಕಾಯಿ ಕಚ್ಚಿದ ಮೇಲೆ ಶತ್ರು ಹಣ್ಣುನೊಣ. ಎಳೆಯ ಸಿಪ್ಪೆಗೆ ಚುಚ್ಚಿ ಮೊಟ್ಟೆಯಿಟ್ಟಿತೆಂದರೆ ಕಾಯಿ ಒಳಗಿನಿಂದ ಕೊಳೆಯುತ್ತದೆ. ಮಾವಿನ ತೋಟಕ್ಕೆ ಹಾಕುವ ಮೀಥೈಲ್ ಯೂಜಿನಾಲ್ ಬಲೆಯನ್ನು ತಂದು ಇಲ್ಲಿ ತೂಗಿ, ಫಲ ಸಿಗಲಿಲ್ಲವೆಂದು ಬೈಯುವವರಿದ್ದಾರೆ. ಕುಂಬಳದ ನೊಣಕ್ಕೆ ಬೇಕಾದದ್ದು ಕ್ಯೂ-ಲ್ಯೂರ್ ಎಂಬ ಬೇರೆ ವಾಸನೆ. ನಾನು ಮೊದಲ ಹದಿನೈದು ದಿನ ಹೀಚಿಗೆ ಹಳೆಯ ಧೋತರದ ತುಂಡು ಸುತ್ತುತ್ತೇನೆ, ಅಷ್ಟೇ. ಕಾಯಿಯ ಕೆಳಗೆ ಒಂದು ಹಂಚು, ಅದರ ಮೇಲೆ ಜೋಳದ ಕಣಿಕೆಯ ಹಾಸು. ಕೆಂಪು ದುಂಬಿಗೆ ಒಲೆಯ ಬೂದಿ.

ಆ ವರ್ಷ ಎರಡು ಬಳ್ಳಿಗಳಿದ್ದವು. ಒಂದರಲ್ಲಿ ಸ್ಪರ್ಧೆಯವರ ಪದ್ಧತಿಯಂತೆ ಒಂದೇ ಕಾಯಿ ಉಳಿಸಿ ಮಿಕ್ಕ ಹೀಚುಗಳನ್ನು ಚಿವುಟಿದೆನು. ಇನ್ನೊಂದನ್ನು ಅದರ ಇಷ್ಟಕ್ಕೆ ಬಿಟ್ಟೆನು. ತನ್ನಿಷ್ಟದ ಬಳ್ಳಿಯೂ ಕಚ್ಚಿದ್ದನ್ನೆಲ್ಲ ಉಳಿಸಿಕೊಳ್ಳಲಿಲ್ಲ. ತಾಳಲಾರದಷ್ಟನ್ನು ತಾನೇ ಹಳದಿಯಾಗಿಸಿ ಉದುರಿಸಿ, ಐದನ್ನು ಇಟ್ಟುಕೊಂಡಿತು. ಒಂಟಿಕಾಯಿ 26 ಕಿಲೋ ಆಯಿತು. ಆ ಐದೂ ಸೇರಿ 38 ಕಿಲೋ ತೂಗಿದವು. ಎರಡೇ ಬಳ್ಳಿಗಳಿಂದ ಸಿದ್ಧಾಂತ ಕಟ್ಟಲಾಗದೆಂಬುದು ವಿಜ್ಞಾನದ ಪಾಠ ಕೇಳಿದ ನಿಮಗೆ ಗೊತ್ತಿದೆ. ಆದರೂ ನೋಡಲು ಬಂದವರೆಲ್ಲ ಒಂಟಿಕಾಯಿಯ ಪಕ್ಕದಲ್ಲಿಯೇ ನಿಂತು ಫೋಟೋ ತೆಗೆಸಿಕೊಂಡರೆಂಬುದನ್ನು ನಾನು ಗಮನಿಸಿದೆನು. ಐದರ ಬಳ್ಳಿಯ ಕಡೆಗೆ ಒಬ್ಬರೂ ತಿರುಗಲಿಲ್ಲ.

ಈ ದೃಶ್ಯವನ್ನು ನಾನು ಬೇರೆಡೆ ಬಹಳ ಸಲ ಕಂಡಿದ್ದೇನೆ. ಒಂದು ಹೆಸರು ಗೋಡೆಯ ಫಲಕದ ಮೇಲೆ, ಒಂದು ಭಾವಚಿತ್ರ ಪತ್ರಿಕೆಯಲ್ಲಿ ಬರಲೆಂದು, ತರಗತಿಯ ಎಲ್ಲ ಎಲೆಗಳ ಅನ್ನವನ್ನು ಒಂದೇ ಕಾಯಿಗೆ ಉಣಿಸುವ ಶಾಲೆಗಳಿವೆ. ಹಿಂದಿನ ಬೆಂಚಿನಲ್ಲಿ ಚಿವುಟಿ ಎಸೆದ ಹೀಚುಗಳ ಲೆಕ್ಕ ಯಾವ ತಕ್ಕಡಿಯಲ್ಲಿಯೂ ಬರುವುದಿಲ್ಲ. ಹಿಂದಿನ ಬೆಂಚಿನವರೇ ಇಂದು ನನ್ನ ಮನೆಯ ವಿದ್ಯುತ್ ತಂತಿ ಸರಿಪಡಿಸುತ್ತಾರೆ, ನನ್ನ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಜೊತೆಗೆ ಬರುತ್ತಾರೆ. ಒಂಟಿಕಾಯಿ ಬೆಳೆಯುವುದು ತಪ್ಪೆಂದು ನಾನು ಹೇಳಲಾರೆ. ಹಿತ್ತಲಿನಲ್ಲಿ ಒಂದು ಋತು ಹಾಗೆ ಆಡಿ ನೋಡಬಹುದು. ಮಕ್ಕಳ ವಿಷಯದಲ್ಲಿ ಆ ಆಟವನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಎಷ್ಟು ದೊಡ್ಡದಿರಬೇಕು? ನನ್ನ ಅಳತೆ ಕಿಲೋದ್ದಲ್ಲ, ಓಣಿಯದು. ಕತ್ತರಿಸಿದ ದಿನವೇ ಓಣಿಯ ಎಲ್ಲ ಮನೆಗಳಿಗೆ ಒಂದೊಂದು ಹೋಳು ಸಿಕ್ಕು, ಯಾರ ಮನೆಯಲ್ಲಿಯೂ ಉಳಿದು ಕೊಳೆಯದಿದ್ದರೆ ಅದು ಸರಿಯಾದ ಗಾತ್ರ. ನಮ್ಮದು ಹನ್ನೊಂದು ಮನೆಗಳ ಓಣಿ. ಇಡಿಯ ಕುಂಬಳಕಾಯಿ ತೊಟ್ಟು ಉಳಿಸಿ ಅಟ್ಟದ ಮೇಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಹೆಚ್ಚಿದ ಮೇಲೆ ಅದರ ಆಯುಷ್ಯ ಕೆಲವೇ ದಿನ. ಈ ಸ್ವಭಾವದಿಂದಾಗಿಯೇ ಅದು ಹಂಚಿ ತಿನ್ನುವ ಕಾಯಿ. ಮೊದಲ ಪೆಟ್ಟನ್ನು ಗಂಡಸರೇ ಹಾಕಬೇಕೆಂಬ ಪದ್ಧತಿ ಹಲವು ಮನೆಗಳಲ್ಲಿದೆ. ನಮ್ಮಲ್ಲಿ ಮಚ್ಚು ಯಾರ ಕೈಯಲ್ಲಿ ಗಟ್ಟಿಯೋ ಅವರದು, ಆ ಸಲ ಪಕ್ಕದ ಮನೆಯ ಸೊಸೆಯದು. 2024ರ ಶೀಗಿ ಹುಣ್ಣಿಮೆ ಅಕ್ಟೋಬರ್ 17ಕ್ಕೆ ಬಂದಿತ್ತು. ಒಂಟಿಕಾಯಿ ಅಂದು ಬೆಳಿಗ್ಗೆ ಹನ್ನೊಂದು ಹೋಳಾಯಿತು. ಸಂಜೆಗೆ ಮರಳಿ ಬಂದದ್ದು ಗಾರಿಗೆ, ಪಲ್ಯ, ಹುಳಿ. ಒಂದು ಮನೆಯಿಂದ ಖೀರು, ಇನ್ನೊಂದರಿಂದ ಕೇಸರಿ ಬಣ್ಣದ ಹಲ್ವಾ. ಗಾರಿಗೆಯ ಮೇಲೆ ಗಸಗಸೆ ಒತ್ತುವುದನ್ನು ನಮ್ಮ ಮನೆಯವರು ಮರೆಯುವುದಿಲ್ಲ.

ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಒಂದು ಕಿಲೋ ಆಸುಪಾಸಿನ ಅರ್ಕಾ ಸೂರ್ಯಮುಖಿಯನ್ನು, ಎರಡು ಮೂರು ಕಿಲೋ ತೂಗುವ ಅರ್ಕಾ ಚಂದನವನ್ನು ಬಿಡುಗಡೆ ಮಾಡಿದೆ. ಸಣ್ಣ ಸಂಸಾರಕ್ಕೆ ಅವು ಅನುಕೂಲ. ಸೂರ್ಯಮುಖಿ ಹಣ್ಣುನೊಣವನ್ನೂ ತಡೆದುಕೊಳ್ಳುತ್ತದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ನಮ್ಮ ತಂಗಿಯ ಮಗಳಿಗೆ ನಾನೇ ಅದನ್ನು ಸೂಚಿಸಿದ್ದೇನೆ. ಆದರೆ ಒಂದು ಕಿಲೋದ ಕಾಯಿಯನ್ನು ಯಾರೂ ಪಕ್ಕದ ಮನೆಗೆ ಒಯ್ದು ಕೊಡುವುದಿಲ್ಲ. ಫ್ರಿಜ್ಜಿನಲ್ಲಿ ಅದಕ್ಕೆ ಜಾಗವಿದೆ.

ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ಬಂಧುಗಳು ಓದುತ್ತಾರೆಂಬ ಧೈರ್ಯದಿಂದಲೇ ಹೇಳುತ್ತೇನೆ. ಎರಡು ವರ್ಷಗಳಿಂದ ಮನೆಯಲ್ಲಿ ಒಂದು ಪ್ರಸ್ತಾಪ ಸುತ್ತುತ್ತಿದೆ: ಹಿತ್ತಲಿಗೆ ಫರಸಿ ಹಾಕಿಸಿ ಎರಡು ಕಾರು ನಿಲ್ಲಿಸಲು ಅನುಕೂಲ ಮಾಡಬೇಕು, ಕೆಸರು ತಪ್ಪುತ್ತದೆ, ಈ ವಯಸ್ಸಿನಲ್ಲಿ ನಾನು ಜಾರಿ ಬೀಳುವುದೂ ತಪ್ಪುತ್ತದೆ. ಕೊನೆಯ ಮಾತಿನ ಹಿಂದಿನ ಪ್ರೀತಿಯನ್ನು ನಾನು ಬಲ್ಲೆ. ಆದರೆ ನಮ್ಮ ಓಣಿಯಲ್ಲಿ ಒಂಬತ್ತು ಮನೆಗಳವರು ಈಗಾಗಲೇ ಅಂಗಳ ಹಿತ್ತಲುಗಳಿಗೆ ಕಲ್ಲು ಹೊದಿಸಿದ್ದಾರೆ. ಹಿಂದೆ ಹನ್ನೊಂದು ಹಿತ್ತಲುಗಳಲ್ಲಿ ಇಂಗುತ್ತಿದ್ದ ಮಳೆನೀರು ಈಗ ಹೆಚ್ಚುಕಡಿಮೆ ಎಲ್ಲವೂ ರಸ್ತೆಗೆ ಬಂದು, ತಗ್ಗಿನಲ್ಲಿರುವ ಕೊನೆಯ ಮನೆಯ ಮೆಟ್ಟಿಲನ್ನು ಹತ್ತುತ್ತದೆ. ಉಳಿದಿರುವುದು ನಮ್ಮದೊಂದು, ಎದುರಿನವರದೊಂದು. ಓಣಿಯ ಅಳತೆಯ ಕುಂಬಳಕಾಯಿಗೆ ಓಣಿಯಲ್ಲಿ ಎಲ್ಲಿಯಾದರೂ ಒಂದಿಷ್ಟು ಮಣ್ಣು ಬೇಕಲ್ಲವೇ? ನಡೆದಾಡಲು ಒಂದೂವರೆ ಅಡಿ ಅಗಲದ ಕಲ್ಲಿನ ಹಾದಿ ಹಾಕಿಸಲು ನಾನು ಒಪ್ಪಿದ್ದೇನೆ, ಹಿಡಿದುಕೊಳ್ಳಲು ಒಂದು ಬದಿಗೆ ಕಬ್ಬಿಣದ ಸರಳಿಗೂ. ಅದಕ್ಕಿಂತ ಹೆಚ್ಚಿಗೆ ಒಂದು ಫರಸಿಯೂ ಬೇಡ. ನನ್ನ ನಂತರ ಏನಾಗಬೇಕೆಂಬುದು ನಿಮಗೆ ಬಿಟ್ಟದ್ದು. ನಾನಿರುವವರೆಗೆ ಕಾರು ರಸ್ತೆಯಲ್ಲಿಯೇ ನಿಲ್ಲಲಿ.

ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೈಯಾರೆ ಹೂ ಕೂಡಿಸಿ ಬಾಯಿ ಕಟ್ಟಿದ ಕಾಯಿಗಳವಾದ್ದರಿಂದ ಬೇರೆ ತಳಿಯ ಪರಾಗ ಬೆರೆತಿರುವ ಭಯವಿಲ್ಲ. ಒಂಟಿಕಾಯಿಯವು ಒಂದು ಪೊಟ್ಟಣ, ಐದರ ಬಳ್ಳಿಯವು ಇನ್ನೊಂದು. ಮೇಲೆ ಹೆಸರು ಬರೆದಿದೆ. ಮೇ ತಿಂಗಳ ಕೊನೆಗೆ ರೋಹಿಣಿ ಮಳೆ ಹಿಡಿಯುವ ಮುನ್ನ ಬಂದವರಿಗೆ ತಲಾ ನಾಲ್ಕು ಬೀಜ. ಯಾವ ಪೊಟ್ಟಣದಿಂದ ಬೇಕೆಂದು ನೀವೇ ಹೇಳಿರಿ.