ಈರ್ಯಾ ಸಮಿತಿಯೂ ಘಟ್ಟದ ಹೆದ್ದಾರಿಯೂ

ದಿಗಂಬರ ಮುನಿಗಳು ವಿಹಾರ ಹೊರಟಾಗ ಅವರ ದೃಷ್ಟಿ ಮುಂದಿನ ನಾಲ್ಕು ಮೊಳ ನೆಲದ ಮೇಲೆ ನೆಟ್ಟಿರುತ್ತದೆ. ಹಗಲಿನ ಬೆಳಕಿನಲ್ಲಿ, ಜನರು ನಡೆದಾಡಿ ಸವೆದ ದಾರಿಯಲ್ಲಿ, ಕಾಲಿಡುವ ಜಾಗದಲ್ಲಿ ಜೀವವಿಲ್ಲವೆಂದು ಕಂಡುಕೊಂಡ ಬಳಿಕವೇ ಅವರು ಹೆಜ್ಜೆ ಇಡುತ್ತಾರೆ. ಪಂಚ ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾ ಸಮಿತಿ ಇದು. ನೋಟ ಮೊದಲು, ಹೆಜ್ಜೆ ನಂತರ ಎಂಬುದೇ ಇದರ ಸಾರ. ಹೆಜ್ಜೆಯಿಟ್ಟ ಮೇಲೆ ಕೆಳಗೆ ನೋಡಿದರೆ ಅದು ಸಮಿತಿಯಾಗದು. ಆಗ ಉಳಿಯುವುದು ಪ್ರಾಯಶ್ಚಿತ್ತ ಮಾತ್ರ.

ಕರ್ನಾಟಕದ ಜೈನ ಕ್ಷೇತ್ರಗಳನ್ನು ಒಂದಕ್ಕೊಂದು ಬೆಸೆದಿರುವುದು ಘಟ್ಟದ ದಾರಿಗಳು. ಶ್ರವಣಬೆಳಗೊಳ, ಹೊಂಬುಜಗಳಿಂದ ಧರ್ಮಸ್ಥಳ, ಮೂಡುಬಿದಿರೆ, ಕಾರ್ಕಳಗಳಿಗೆ ಇಳಿಯುವ ಯಾತ್ರಿಕರು ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳನ್ನು ಹಾದೇ ಬರಬೇಕು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಇಂದು ರಸ್ತೆಗಳು ಅಗಲವಾಗುತ್ತಿವೆ, ತಿರುವುಗಳು ನೇರವಾಗುತ್ತಿವೆ, ಗುಡ್ಡಗಳು ಕಡಿದು ನಿಲ್ಲುತ್ತಿವೆ. 2019ರ ಆಗಸ್ಟ್‌ನ ಮಳೆಗೆ ಚಾರ್ಮಾಡಿಯಲ್ಲಿ ಸಾಲುಸಾಲಾಗಿ ಭೂಕುಸಿತಗಳಾಗಿ ಸಂಚಾರ ನಿಂತುಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಜರಿದು, ಮಣ್ಣು ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಯನ್ನೇ ಸೇರಿತು. ಹಲವರು ಪ್ರಾಣ ಕಳೆದುಕೊಂಡರು. ಮನುಷ್ಯರ ಸಾವು ಸುದ್ದಿಯಾಯಿತು. ಮಣ್ಣಿನಡಿ ಸೇರಿದ ಇತರ ಜೀವಗಳನ್ನು ಎಣಿಸುವವರಿಲ್ಲ.

ರಸ್ತೆಗೆ ಮೊದಲು ನೋಟ ಹರಿಸಬೇಕೆಂಬ ವಿಚಾರ ಕಾನೂನಿಗೆ ಹೊಸತಲ್ಲ. ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಡಿ ಹೊಸ ರಾಷ್ಟ್ರೀಯ ಹೆದ್ದಾರಿಗಳು ಪರಿಸರ ಪರಿಣಾಮದ ಅಧ್ಯಯನಕ್ಕೆ ಒಳಪಡುತ್ತವೆ. ಆದರೆ ಆ ನೋಟಕ್ಕೆ ಎರಡು ಕುಂದುಗಳಿವೆ. ಮೊದಲನೆಯದು ಅಳತೆಯದು. 2013ರ ತಿದ್ದುಪಡಿಯ ಬಳಿಕ, ಇರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿಲೋಮೀಟರ್ ಮೀರಿದಾಗ, ಅದಕ್ಕೆ ಬೇಕಾಗುವ ಹೆಚ್ಚುವರಿ ಭೂಮಿಯೂ ನಿಗದಿತ ಅಗಲವನ್ನು ಮೀರಿದಾಗ ಮಾತ್ರ ಪರಿಸರ ಅನುಮತಿ ಬೇಕು. ಘಾಟಿ ಎಂಬುದು ಹತ್ತಿಪ್ಪತ್ತು ಕಿಲೋಮೀಟರಿನ ಮಾತು. ಅತಿ ಸೂಕ್ಷ್ಮವಾದ ನೆಲವೇ ಅಳತೆಯಲ್ಲಿ ಅತಿ ಚಿಕ್ಕದಾಗಿ ನೋಟದಿಂದ ಜಾರಿಹೋಗುತ್ತದೆ.

ಎರಡನೆಯ ಕುಂದು ಕಾಲದ್ದು. ಅಧ್ಯಯನ ನಡೆದಾಗಲೂ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಬೇರೊಂದು ಋತುವಿನ ಮಾಹಿತಿಯನ್ನೇ ಸಂಗ್ರಹಿಸಲಾಗುತ್ತದೆ. ಜೈನ ಪರಂಪರೆಯಲ್ಲಿ ಆಷಾಢದಿಂದ ಕಾರ್ತಿಕದವರೆಗೆ ಚಾತುರ್ಮಾಸ. ಮೊದಲ ಮಳೆಗೆ ನೆಲದಲ್ಲಿ ಅಸಂಖ್ಯ ಜೀವೋತ್ಪತ್ತಿಯಾಗುತ್ತದೆ, ಎಷ್ಟು ಎಚ್ಚರದಿಂದ ನಡೆದರೂ ಹಿಂಸೆ ತಪ್ಪದು ಎಂಬ ಕಾರಣಕ್ಕೇ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಮುನಿಗಳನ್ನು ನಿಲ್ಲಿಸುವಷ್ಟು ಜೀವರಾಶಿ ತುಂಬಿದ ಆ ನಾಲ್ಕು ತಿಂಗಳೇ ಅಧ್ಯಯನದ ಲೆಕ್ಕದಿಂದ ಹೊರಗುಳಿದರೆ, ಆ ಲೆಕ್ಕ ಯಾವುದರದು?

ಬೇಸಿಗೆಯಲ್ಲಿ ಘಟ್ಟದ ತೊರೆ ಬರೀ ಕಲ್ಲಿನ ಕೊರಕಲು. ಅಲ್ಲೊಂದು ಕೊಳವೆ ಹೂತು ಮೇಲೆ ರಸ್ತೆ ಹಾಸಿದರೆ ಸಾಕೆನಿಸುತ್ತದೆ. ಮಳೆ ಹಿಡಿದೊಡನೆ ಅದೇ ಕೊರಕಲಿನಲ್ಲಿ ಮೀನುಗಳು ಪ್ರವಾಹಕ್ಕೆ ಎದುರಾಗಿ ಏರಿ ಮೊಟ್ಟೆಯಿಡಲು ಹವಣಿಸುತ್ತವೆ. ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಎತ್ತರದಲ್ಲಿದ್ದರೂ ಸಣ್ಣ ಮೀನಿಗೆ ಅದು ದಾಟಲಾಗದ ಗೋಡೆ. ಕಡಿದ ಗುಡ್ಡದಿಂದ ತೊಳೆದು ಬಂದ ನುಣುಪು ಮಣ್ಣು ಹರಳುಕಲ್ಲುಗಳ ಸಂದುಗಳನ್ನು ಮುಚ್ಚಿದಾಗ, ಅಲ್ಲಿದ್ದ ಮೊಟ್ಟೆಗಳಿಗೂ ಜಲಕೀಟಗಳಿಗೂ ಉಸಿರು ಕಟ್ಟುತ್ತದೆ. ರಾತ್ರಿಯ ಮಳೆಯಲ್ಲಿ ಹೊಂಡ ಹುಡುಕಿ ಹೊರಟ ಕಪ್ಪೆಗಳು ಗಾಲಿಯಡಿ ಸಿಲುಕುತ್ತವೆ. ಮರದ ಹಂದರದಲ್ಲೇ ಬದುಕುವ ಸಿಂಗಳೀಕಕ್ಕೆ ಅಗಲವಾದ ರಸ್ತೆಯೆಂದರೆ ಆಕಾಶದಲ್ಲಿ ಬಿದ್ದ ಬಿರುಕು.

ಶ್ರಾವಕರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ನಿಯಮ. ಬಟ್ಟೆಯಲ್ಲಿ ಉಳಿದ ಜೀವಗಳನ್ನು, ನೀರು ಯಾವ ಬಾವಿಯದೋ ಅದೇ ಬಾವಿಗೆ ಮೆಲ್ಲನೆ ಮರಳಿಸುವುದೂ ಆ ನಿಯಮದ ಭಾಗವೇ. ಒಂದು ಕೊಡ ನೀರಿನ ವಿಚಾರದಲ್ಲಿ ಇಷ್ಟು ಎಚ್ಚರವಿರುವ ಧರ್ಮವು ಒಂದು ತೊರೆಯೇ ಮಣ್ಣುಪಾಲಾಗುವಾಗ ಮೌನವಾಗಿರಲಾರದು.

ಹಾಗೆಂದು ರಸ್ತೆಯೇ ಬೇಡವೆನ್ನುವುದು ಗೃಹಸ್ಥ ಧರ್ಮವಲ್ಲ. ಹೆರಿಗೆನೋವಿನ ತಾಯಿ ಆಸ್ಪತ್ರೆ ತಲುಪಬೇಕು, ರೈತನ ಅಡಿಕೆ ಮಾರುಕಟ್ಟೆಗೆ ಹೋಗಬೇಕು. ಗೃಹಸ್ಥನಿಗೆ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳು ಪೂರ್ಣವಾಗಿ ತಪ್ಪುವಂಥವಲ್ಲವೆಂದು ಆಚಾರ್ಯರು ಒಪ್ಪಿದ್ದಾರೆ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೂ ಸೇರಿಸುತ್ತದೆ. ಅನಿವಾರ್ಯ ಹಾನಿ ಬೇರೆ, ನೋಡದೆ ಮಾಡಿದ ಹಾನಿ ಬೇರೆ. ಪ್ರಯೋಜನವಿಲ್ಲದ ಹಾನಿಯನ್ನು ಬಿಡುವ ಅನರ್ಥದಂಡ ವಿರತಿಯೂ ಗೃಹಸ್ಥನ ಗುಣವ್ರತಗಳಲ್ಲಿ ಒಂದು. ಹತ್ತು ನಿಮಿಷದ ಉಳಿತಾಯಕ್ಕಾಗಿ ಇಡೀ ಗುಡ್ಡವನ್ನು ಕಡಿಯುವುದು ಯಾವ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಪ್ರತಿ ಯೋಜನೆಯಲ್ಲೂ ಕೇಳಬೇಕಾಗುತ್ತದೆ.

ಸಂಯಮದ ರಸ್ತೆ ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಬಂಡೀಪುರದ ಕಾಡನ್ನು ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ 2009ರಲ್ಲಿ ನಿರ್ಬಂಧ ಬಂತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ದಾರಿ ತೆರೆದೇ ಇದೆ. ಸೂರ್ಯಾಸ್ತದ ಬಳಿಕ ಜೀವಹಾನಿ ಹೆಚ್ಚೆಂದು ರಾತ್ರಿಭೋಜನವನ್ನು ತ್ಯಜಿಸುವ ಸಮುದಾಯಕ್ಕೆ ಈ ಏರ್ಪಾಡಿನ ತರ್ಕವನ್ನು ಯಾರೂ ವಿವರಿಸಬೇಕಿಲ್ಲ. ಮಧ್ಯಭಾರತದ ಪೆಂಚ್ ಅರಣ್ಯದಲ್ಲಿ ರಾಷ್ಟ್ರೀಯ ಹೆದ್ದಾರಿ 44ನ್ನು ಹಲವೆಡೆ ಕಂಬಗಳ ಮೇಲೆ ಎತ್ತರಿಸಲಾಗಿದೆ. ಅಲ್ಲಿನ ಅತಿ ಉದ್ದದ ಕೆಳದಾರಿ 750 ಮೀಟರ್. ಹುಲಿ, ಕಾಡುನಾಯಿ, ಜಿಂಕೆಗಳು ಅದರಡಿ ಹಾದುಹೋಗುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ರಸ್ತೆಯೂ ಉಳಿಯಿತು, ದಾರಿಯೂ ಉಳಿಯಿತು.

ಪರಿಸರ ಅನುಮತಿ ಬೇಕಾದ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯ ಅವಕಾಶವಿದೆ. ಕನಿಷ್ಠ 30 ದಿನಗಳ ಮುನ್ಸೂಚನೆಯೂ ಸಿಗುತ್ತದೆ. ಅಲ್ಲಿ ಶ್ರಾವಕರು ಕೇಳಬಹುದಾದುದು ಸರಳ: ಮಳೆಗಾಲದಲ್ಲಿ ಈ ನೆಲವನ್ನು ಯಾರು ನೋಡಿದ್ದಾರೆ? ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ? ತೊರೆಗೆ ಕೊಳವೆಯೋ, ಸೇತುವೆಯೋ? ಪರಿಸರ ಅನುಮತಿ ಬೇಡದ ವಿಸ್ತರಣೆಗಳಲ್ಲಿ ಇದೇ ಪ್ರಶ್ನೆಗಳನ್ನು ಜನಪ್ರತಿನಿಧಿಗಳಿಗೆ ಬರೆದು ಕೇಳಬಹುದು.

ಕ್ಷೇತ್ರದರ್ಶನಕ್ಕೆ ಹೊರಟ ವಾಹನವೂ ಇದೇ ಘಾಟಿಯನ್ನು ಇಳಿಯುತ್ತದೆ. ಸಂಜೆಯ ಪ್ರತಿಕ್ರಮಣದಲ್ಲಿ ದಾರಿಯಲ್ಲಿ ನೊಂದ ಜೀವಗಳ ಕ್ಷಮೆ ಕೋರುವ ಶ್ರಾವಕನ ನೆನಪಿನಲ್ಲಿ, ಅವನ ದಾರಿಗಾಗಿಯೇ ಮಣ್ಣು ಸೇರಿದ ತೊರೆಯ ಜೀವಗಳೂ ಇರಬೇಕು. ಮುಂದಿನ ಗುಡ್ಡವನ್ನು ಕಡಿಯುವ ಮೊದಲು ನಾಲ್ಕು ಮೊಳ ನೆಲವನ್ನು ನೋಡಿರೆಂದು ಹೇಳುವ ಧೈರ್ಯ ಆ ನೆನಪಿನಿಂದಲೇ ಬರುತ್ತದೆ.