ಒಂದು ಬಾವಿ, ನಾಲ್ಕು ರಾಟೆ

ಒಂದು ಬಾವಿಗೆ ನಾಲ್ಕು ರಾಟೆಗಳನ್ನು ಕಟ್ಟಿದರೆ ನಾಲ್ವರು ಏಕಕಾಲದಲ್ಲಿ ನೀರು ಸೇದಬಹುದು. ಆದರೆ ಒರತೆ ನಾಲ್ಕು ಮಡಿಯಾಗುವುದಿಲ್ಲ. ಗಣಕಯಂತ್ರದ ವಿಷಯದಲ್ಲಿ ಈ ಸರಳ ಸತ್ಯವನ್ನು ಮರೆತು ಪೇಚಿಗೆ ಸಿಲುಕುವವರು ಅನೇಕರಿರುವುದರಿಂದ, ಈ ತಿಂಗಳು ಆ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಗಡಿಯ ಈಚೆಗಿರುವ ನಮ್ಮ ಊರುಗಳಲ್ಲಿ ಗಣಕವಿದ್ಯೆ ಕಲಿತ ಮಗನೋ ಮಗಳೋ ಇರುವ ಮನೆಗಳು ಇಂದು ವಿರಳವಲ್ಲ. ಊರಿನಲ್ಲಿದ್ದುಕೊಂಡೇ ದೂರದ ನಗರದ ಕೆಲಸ ಮಾಡುವವರೂ, ಮೂರು ನಾಲ್ಕು ಮಂದಿ ಕೂಡಿ ಸಣ್ಣ ಉದ್ಯಮ ನಡೆಸುವವರೂ ಇದ್ದಾರೆ. ಊಟಕ್ಕೆ ಕರೆದಾಗ “ಬಿಲ್ಡ್ ಇನ್ನೂ ಮುಗಿದಿಲ್ಲ” ಎಂಬ ಉತ್ತರವನ್ನು ಹಿರಿಯರು ಕೇಳಿರಬಹುದು. ಈ ಬಿಲ್ಡ್ ಎಂದರೇನೆಂಬುದನ್ನು ಮೊದಲು ನೋಡೋಣ.

ಮನುಷ್ಯನು ಬರೆದ ಕ್ರಮವಿಧಿಯನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತಂದು, ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಬಳಕೆಗೆ ಸಿದ್ಧಗೊಳಿಸುವುದೇ ಬಿಲ್ಡ್. ಇದನ್ನು ಕೈಯಿಂದ ಮಾಡುವ ಬೇಸರವನ್ನು ತಪ್ಪಿಸಲು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು 1976ರಲ್ಲಿ ‘ಮೇಕ್’ ಎಂಬ ಸಾಧನವನ್ನು ರಚಿಸಿದರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಕೊಹ್ಸುಕೆ ಕವಾಗುಚಿಯವರು ಆರಂಭಿಸಿದ ‘ಹಡ್ಸನ್’ 2011ರಲ್ಲಿ ‘ಜೆಂಕಿನ್ಸ್’ ಎಂಬ ಹೆಸರು ಪಡೆದು ಲೋಕಪ್ರಸಿದ್ಧವಾಯಿತು. 2019ರ ನವೆಂಬರಿನಲ್ಲಿ ‘ಗಿಟ್‌ಹಬ್ ಆಕ್ಷನ್ಸ್’ ಎಲ್ಲರ ಬಳಕೆಗೆ ತೆರೆಯಿತು. ಈಗ ಯಾರಾದರೂ ಒಂದು ಸಾಲನ್ನು ತಿದ್ದಿ ಕಳುಹಿಸಿದೊಡನೆಯೇ ಕಟ್ಟುವ, ಪರೀಕ್ಷಿಸುವ ಕೆಲಸ ತಾನಾಗಿಯೇ ನಡೆಯುತ್ತದೆ.

ಆ ಕೆಲಸವನ್ನು ನಡೆಸಿಕೊಡುವ ಸಣ್ಣ ಕ್ರಮವಿಧಿಗೆ ಏಜೆಂಟ್ ಅಥವಾ ರನ್ನರ್ ಎಂದು ಹೆಸರು. ಅದನ್ನು ಬಾಡಿಗೆಯ ಯಂತ್ರದಲ್ಲಿಯೂ ಪಡೆಯಬಹುದು, ನಮ್ಮದೇ ಯಂತ್ರದಲ್ಲಿಯೂ ಇರಿಸಿಕೊಳ್ಳಬಹುದು. ಖಾಸಗಿ ಕೆಲಸಕ್ಕೆ ಬಾಡಿಗೆಯ ಯಂತ್ರದಲ್ಲಿ ನಿಮಿಷಗಳ ಲೆಕ್ಕವಿರುವುದರಿಂದ ಸಣ್ಣ ಉದ್ಯಮಗಳವರು ಸ್ವಂತ ಯಂತ್ರಕ್ಕೆ ಮನಸೋಲುವುದು ಸಹಜ. ಮನೆಯ ಯಂತ್ರಕ್ಕೆ ಹೊರಗಿನಿಂದ ಬಾಗಿಲು ತೆರೆದಿಡಬೇಕಾಗಿಯೂ ಇಲ್ಲ. ಗಿಟ್‌ಹಬ್‌ನ ರನ್ನರ್ ತಾನೇ ಹೊರಗೆ ಸಂಪರ್ಕ ಮಾಡಿ, ತನಗೇನಾದರೂ ಕೆಲಸವಿದೆಯೇ ಎಂದು ಕೇಳುತ್ತ ಕಾದಿರುತ್ತದೆ.

ಇಂಥ ಒಂದು ರನ್ನರ್ ಒಂದು ಸಲಕ್ಕೆ ಒಂದೇ ಕೆಲಸವನ್ನು ಮಾಡುತ್ತದೆ. ಉಳಿದ ಕೆಲಸಗಳು ಸರತಿಯಲ್ಲಿ ನಿಲ್ಲುತ್ತವೆ. ಆಗ ಹೊಳೆಯುವ ಉಪಾಯವೆಂದರೆ ಅದೇ ಯಂತ್ರದಲ್ಲಿ ಇನ್ನೂ ಮೂರು ರನ್ನರುಗಳನ್ನು ಇರಿಸುವುದು. ಇದಕ್ಕೆ ಅಡ್ಡಿಯೇನೂ ಇಲ್ಲ. ಪ್ರತಿಯೊಂದಕ್ಕೂ ಬೇರೆ ಫೋಲ್ಡರ್ ಬೇಕು. ಒಮ್ಮೆ ನೋಂದಣಿಯಾದ ಫೋಲ್ಡರಿನಲ್ಲಿ ಎರಡನೆಯ ನೋಂದಣಿಗೆ ಅದು ಒಪ್ಪುವುದಿಲ್ಲ. ಹೆಸರೂ ಬೇರೆಯಾಗಿರಬೇಕು. ಕೇಳಿದಾಗ ಯಂತ್ರದ ಹೆಸರನ್ನೇ ಅದು ಮುಂದಿಡುವುದರಿಂದ, ಕಣ್ಣುಮುಚ್ಚಿ ಒಪ್ಪುತ್ತ ಹೋದರೆ ಹೊಸತು ಹಳೆಯದರ ಸ್ಥಾನವನ್ನೇ ಆಕ್ರಮಿಸೀತು. ನೋಂದಣಿಯ ಗುಪ್ತಸಂಕೇತಕ್ಕೆ ಒಂದು ಗಂಟೆಯ ಆಯುಷ್ಯ ಮಾತ್ರ. ಬಳಿಕ ಪ್ರತಿಯೊಂದನ್ನೂ ಪ್ರತ್ಯೇಕ ಸರ್ವೀಸ್ ಆಗಿ ನೆಲೆಗೊಳಿಸಿದರೆ ವಿದ್ಯುತ್ತು ಹೋಗಿ ಬಂದಾಗಲೂ ತಾವಾಗಿಯೇ ಎದ್ದು ನಿಲ್ಲುತ್ತವೆ.

ಇಷ್ಟು ಅರ್ಧ ಗಂಟೆಯ ಕೆಲಸ. ತೊಡಕು ಆರಂಭವಾಗುವುದು ಇದಾದ ಮೇಲೆ.

ಮೊದಲನೆಯದು ಒರತೆಯ ಲೆಕ್ಕ. ಯಂತ್ರದಲ್ಲಿ 8 ಕೋರ್‌ಗಳೂ 16 ಜಿಬಿ ಸ್ಮೃತಿಯೂ ಇವೆಯೆಂದಿಟ್ಟುಕೊಳ್ಳಿ. ಪ್ರತಿಯೊಂದು ಬಿಲ್ಡೂ ಕೋರ್‌ಗಳನ್ನೆಣಿಸಿ, ಎಂಟೂ ತನ್ನವೇ ಎಂದು ಭಾವಿಸಿ, 8 ಉಪಕಾರ್ಯಗಳನ್ನು ಹೂಡುತ್ತದೆ. ನಾಲ್ಕು ರನ್ನರುಗಳಿಂದ 32 ಉಪಕಾರ್ಯಗಳಾದವು. ಒಂದೊಂದಕ್ಕೆ ಒಂದು ಜಿಬಿ ಬೇಕಾದರೂ ಒಟ್ಟು 32 ಜಿಬಿ. ಇರುವುದು ಅದರ ಅರ್ಧ. ಲಿನಕ್ಸ್ ಆಗ ಯಾವುದೋ ಒಂದು ಕಾರ್ಯವನ್ನು ಕೊಂದು ಉಳಿದವನ್ನು ಕಾಪಾಡುತ್ತದೆ. ಸತ್ತ ಬಿಲ್ಡಿನ ಒಡೆಯನು ತನ್ನ ಬರಹದಲ್ಲಿ ಇಲ್ಲದ ದೋಷವನ್ನು ಇರುಳೆಲ್ಲ ಹುಡುಕುತ್ತಾನೆ. ಪ್ರತಿ ಬಿಲ್ಡಿಗೆ ಎರಡೇ ಉಪಕಾರ್ಯಗಳೆಂದು ಕಟ್ಟುಮಾಡಿ, ಪ್ರತಿ ಸರ್ವೀಸಿಗೂ ಸ್ಮೃತಿಯ ಮೇಲ್ಮಿತಿಯನ್ನು ವಿಧಿಸಿದರೆ ಈ ಅನಾಹುತವನ್ನು ಬಹುಮಟ್ಟಿಗೆ ತಡೆಯಬಹುದು.

ಎರಡನೆಯದು ಹಂಚಿಕೊಂಡ ಉಗ್ರಾಣ. ಫೋಲ್ಡರುಗಳು ಬೇರೆಯಾದರೂ ನಾಲ್ಕು ರನ್ನರುಗಳು ಒಬ್ಬನೇ ಬಳಕೆದಾರನ ಹೆಸರಿನಲ್ಲಿ ನಡೆಯುತ್ತಿದ್ದರೆ ಹಿತ್ತಿಲು ಒಂದೇ ಆಗಿರುತ್ತದೆ. ಮೇವನ್ ಎಂಬ ಸಾಧನವು ತಂದಿರಿಸುವ ಸಾಮಗ್ರಿಯ ಕಣಜವು ಆ ಬಳಕೆದಾರನ ಮನೆಯಲ್ಲಿಯೇ ಇರುತ್ತದೆ. ಒಂದು ಬಿಲ್ಡ್ ಅದರೊಳಗೆ ಬರೆಯುತ್ತಿರುವಾಗ ಇನ್ನೊಂದು ಅದನ್ನೇ ಓದಿದರೆ ಅರೆಬರೆ ಸಾಮಗ್ರಿ ಕೈಗೆ ಸಿಕ್ಕೀತು. ಹಾಗೆಯೇ ಎರಡು ಪರೀಕ್ಷೆಗಳು ಪೋಸ್ಟ್‌ಗ್ರೆಸ್ ದತ್ತಕೋಶವನ್ನು 5432 ಎಂಬ ಒಂದೇ ಪೋರ್ಟಿನಲ್ಲಿ ತೆರೆಯಹೊರಟರೆ ಎರಡನೆಯದು ಬಾಗಿಲಲ್ಲೇ ಮುಗ್ಗರಿಸುತ್ತದೆ. ಡಾಕರ್ ಕಂಟೇನರುಗಳಿಗೆ ಒಂದೇ ಹೆಸರಿಟ್ಟರೂ ಇದೇ ಗತಿ. ಒಂದು ಕೆಲಸವು ಕೊನೆಯಲ್ಲಿ ‘ಬಳಕೆಯಲ್ಲಿಲ್ಲದ್ದನ್ನೆಲ್ಲ ಗುಡಿಸು’ ಎಂದು ಡಾಕರ್‌ಗೆ ಆಜ್ಞೆ ಕೊಟ್ಟರೆ, ನೆರೆಯ ಕೆಲಸವು ಮರುಕ್ಷಣ ಬಳಸಲೆಂದು ಇರಿಸಿಕೊಂಡದ್ದೂ ಕಸದೊಡನೆ ಹೋಗಬಹುದು.

ಪ್ರತಿ ರನ್ನರಿಗೆ ಪ್ರತ್ಯೇಕ ಬಳಕೆದಾರನನ್ನು ನಿರ್ಮಿಸುವುದು, ಪೋರ್ಟುಗಳನ್ನು ಯಂತ್ರವೇ ಆರಿಸುವಂತೆ ಬಿಡುವುದು, ಕಂಟೇನರಿನ ಹೆಸರಿಗೆ ಆ ಕೆಲಸದ ಸಂಖ್ಯೆಯನ್ನು ಜೋಡಿಸುವುದು, ಗುಡಿಸುವ ಕಾರ್ಯವನ್ನು ಯಾವ ಬಿಲ್ಡೂ ಇಲ್ಲದ ಹೊತ್ತಿಗೆ ಗೊತ್ತುಪಡಿಸುವುದು, ಇವು ಪರಿಹಾರಗಳು. ಭಾರಿ ಕೆಲಸಗಳಿಗೆ ಬೇರೆ ಲೇಬಲ್ ಕೊಟ್ಟು, ಆ ಲೇಬಲನ್ನು ಒಂದೇ ರನ್ನರಿಗೆ ಅಂಟಿಸಿದರೆ ಎರಡು ಭಾರಿ ಕೆಲಸಗಳು ಎದುರುಬದುರಾಗುವುದೂ ತಪ್ಪುತ್ತದೆ.

ಮೂರನೆಯದು ವಿಶ್ವಾಸದ ಪ್ರಶ್ನೆ. ನಾವು ಹೆಚ್ಚಿನ ಒತ್ತು ಕೊಡುವುದು ಇದಕ್ಕೆ. ರನ್ನರ್ ಎಂದರೆ ಅನ್ಯರು ಬರೆದ ಆಜ್ಞೆಗಳನ್ನು ನಮ್ಮ ಮನೆಯೊಳಗೆ ನಡೆಸುವ ಆಳು. ಯಾರು ಬೇಕಾದರೂ ತಿದ್ದುಪಡಿ ಕಳುಹಿಸಬಹುದಾದ ಸಾರ್ವಜನಿಕ ಕೋಶಕ್ಕೆ ಸ್ವಂತ ಯಂತ್ರದ ರನ್ನರನ್ನು ಕಟ್ಟಬಾರದೆಂದು ಗಿಟ್‌ಹಬ್ ತಾನೇ ಎಚ್ಚರಿಸುತ್ತದೆ. ನಾಲ್ಕು ರನ್ನರುಗಳು ಒಂದೇ ಬಳಕೆದಾರನಡಿಯಲ್ಲಿದ್ದರೆ ಒಂದರೊಳಗೆ ನುಸುಳಿದ ಕಳ್ಳನು ಉಳಿದ ಮೂರರ ಬೀಗದ ಕೈಗಳನ್ನೂ ಎತ್ತಿಕೊಳ್ಳಬಹುದು. ಡಾಕರ್ ನಡೆಸುವ ಅಧಿಕಾರ ಕೊಡುವುದೆಂದರೆ ಯಂತ್ರದ ಯಜಮಾನಿಕೆಯನ್ನೇ ಕೊಟ್ಟಂತೆ ಎಂಬುದನ್ನೂ ಮರೆಯಬಾರದು. ಇಬ್ಬರು ಗಿರಾಕಿಗಳ ಕೆಲಸವನ್ನು ಒಂದೇ ಯಂತ್ರದಲ್ಲಿ ನಡೆಸುವ ಸಣ್ಣ ಉದ್ಯಮಗಳವರು ಈ ಮಾತನ್ನು ಎರಡು ಸಲ ಓದಬೇಕೆಂದು ನಮ್ಮ ಅರಿಕೆ. ಕುಟುಂಬದ ಲೆಕ್ಕಪತ್ರ, ಭಾವಚಿತ್ರಗಳಿರುವ ಯಂತ್ರವಂತೂ ಈ ಕೆಲಸಕ್ಕೆ ಸಲ್ಲದು.

ಹಾಗಾದರೆ ಹಲವು ರನ್ನರುಗಳಿಂದ ಲಾಭವೇ ಇಲ್ಲವೇ? ಖಂಡಿತ ಇದೆ. ಜಾಲದಿಂದ ಏನನ್ನಾದರೂ ತರಿಸುವ, ದೂರದ ಯಂತ್ರದ ಉತ್ತರಕ್ಕೆ ಕಾಯುವ, ಸಿದ್ಧವಾದುದನ್ನು ಬೇರೆಡೆಗೆ ಸಾಗಿಸುವ ಕೆಲಸಗಳಲ್ಲಿ ಕೋರ್‌ಗಳು ಬಹುಪಾಲು ಸುಮ್ಮನಿರುತ್ತವೆ. ಅಂಥವನ್ನು ನಾಲ್ಕಲ್ಲ, ಆರನ್ನಾದರೂ ಜತೆಯಾಗಿ ನಡೆಸಬಹುದು. ಡಿಸ್ಕನ್ನು ಉಜ್ಜುವ, ಕೋರ್‌ಗಳನ್ನೆಲ್ಲ ದುಡಿಸುವ ಬಿಲ್ಡುಗಳಿಗೆ ಮಾತ್ರ ರನ್ನರ್ ಹೆಚ್ಚಿದಷ್ಟೂ ಪ್ರಯೋಜನ ಕುಗ್ಗುತ್ತದೆ. ನಿರ್ಣಯಿಸುವ ಬಗೆ ಸುಲಭ. ಹತ್ತು ನಿಮಿಷದ ನಾಲ್ಕು ಕೆಲಸಗಳು ಒಂದರ ಹಿಂದೊಂದು ನಡೆದರೆ 40 ನಿಮಿಷ. ಜತೆಯಾಗಿ ನಡೆಸಿ, ಕೊನೆಯದು ಎಷ್ಟು ಹೊತ್ತಿಗೆ ಮುಗಿಯಿತೆಂದು ಬರೆದಿಡಿ. 25 ನಿಮಿಷವಾದರೆ ಗೆದ್ದಿರಿ. 45 ಆದರೆ ಎರಡು ರನ್ನರುಗಳನ್ನು ತೆಗೆದು ಮತ್ತೆ ಅಳೆಯಿರಿ.

ಆದರೆ ಗಡಿಯಾರವು ತೋರಿಸದ ನಷ್ಟವೊಂದಿದೆ. ನೆರೆಯ ಕೆಲಸದ ಕಾಟದಿಂದ ಪರೀಕ್ಷೆಗಳು ಒಮ್ಮೆ ಸೋತು ಒಮ್ಮೆ ಗೆಲ್ಲತೊಡಗಿದರೆ, ಕೆಂಪು ಗುರುತು ಕಂಡಾಗಲೆಲ್ಲ “ಇನ್ನೊಮ್ಮೆ ಓಡಿಸಿ ನೋಡು” ಎನ್ನುವ ಚಾಳಿ ಎಳೆಯರಿಗೆ ಅಂಟುತ್ತದೆ. ನಿಜವಾದ ದೋಷವೊಂದು ಬಂದ ದಿನವೂ ಅದೇ ಮಾತಿನಿಂದ ಅದನ್ನು ತಳ್ಳಿಬಿಡುತ್ತಾರೆ. ಪರೀಕ್ಷೆಯ ಮಾತಿಗೆ ಬೆಲೆಯಿಲ್ಲದ ಮೇಲೆ ಪರೀಕ್ಷೆ ಇದ್ದೂ ಇಲ್ಲದಂತೆಯೇ. ಬಾಡಿಗೆ ಉಳಿಸಲು ಹೋಗಿ ಇದನ್ನು ಕಳೆದುಕೊಂಡರೆ ವ್ಯಾಪಾರ ತುಟ್ಟಿಯಾಯಿತು.

ಆದುದರಿಂದ ನಮ್ಮ ತರುಣರಿಗೆ ನಾವು ಹೇಳುವುದಿಷ್ಟು. ಎರಡು ರನ್ನರುಗಳಿಂದ ಆರಂಭಿಸಿ. ಬಳಕೆದಾರರನ್ನು ಬೇರ್ಪಡಿಸಿ. ಕಾರಣವಿಲ್ಲದೆ ಸೋತ ಬಿಲ್ಡುಗಳನ್ನು ಒಂದು ತಿಂಗಳು ಎಣಿಸಿ. ಆ ಎಣಿಕೆ ಏರದಿದ್ದರೆ ಮೂರನೆಯದನ್ನು ಸೇರಿಸಬಹುದು. ಏರಿದರೆ, ಕೈಯಲ್ಲಿರುವ ಹಣಕ್ಕೆ ದೊರೆಯುವ ಎರಡನೆಯ ಹಳೆಯ ಯಂತ್ರವೊಂದು ಮೂರನೆಯ ರನ್ನರಿಗಿಂತ ಲೇಸು.